ತಲೆಯ ಮೇಲೆ ಒಂದು ಕೈ

ಜನರನ್ನು ನದಿಗೆ ಇಳಿಸುವ ಮುಂಚೆ ದಂಡೆಯ ಮೇಲೆ ನಿಲ್ಲಿಸಿಕೊಂಡು ಪಾಠ ಹೇಳುವುದು ನನ್ನ ಕೆಲಸ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತಲೆಗೆ ಹೆಲ್ಮೆಟ್ ಏರಿದ ಕೂಡಲೇ ಜನಕ್ಕೆ ಫೋಟೊದ ಹುಚ್ಚು ಹಿಡಿಯುತ್ತದೆ. ನಾನು ಇಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರೆ ಅವರು ಅಲ್ಲಿ ಒಬ್ಬರ ಜಾಕೆಟ್ಟಿನ ಪಟ್ಟಿ ಇನ್ನೊಬ್ಬರು ಎಳೆದು ಕಿಸಿಕಿಸಿ ನಗುತ್ತಿರುತ್ತಾರೆ. ಆದರೂ ನಾನು ಒಂದು ಮಾತೂ ಬಿಡದೆ ಹೇಳಿ ಮುಗಿಸುತ್ತೇನೆ.

ಆವತ್ತು ಬಂದಿದ್ದವರು ಒಬ್ಬ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಹೆಂಡತಿಯ ತಮ್ಮ, ಆ ತಮ್ಮನ ಗೆಳೆಯರಿಬ್ಬರು. ಬಂದ ಗಳಿಗೆಯಿಂದ ಬಾಮೈದನ ಬಾಯಿಗೆ ಬಿಡುವಿರಲಿಲ್ಲ.

"ಹುಟ್ಟಿನ ತುದೀಲಿ ಈ ಅಡ್ಡ ಹಿಡಿ ಇದೆಯಲ್ಲ, ಇದನ್ನ ಅಂಗೈಲಿ ಮುಚ್ಚಿ ಹಿಡ್ಕೊಳ್ಳಿ. ಬಿಟ್ರೆ ಪಕ್ಕದವರ ಹಲ್ಲು ಉದುರುತ್ತೆ" ಎಂದೆ.

"ಉದುರ‍್ಲಿ ಬಿಡಿ ಅಕ್ಕಾ, ನಮ್ಮ ಭಾವನಿಗೂ ವ್ಯಾಪಾರ ಆಗ್ಬೇಕಲ್ಲ" ಎಂದ ಬಾಮೈದ. ಎಲ್ಲರೂ ನಕ್ಕರು. ಡಾಕ್ಟರು ಮಾತ್ರ ಹಿಡಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ನೋಡಿದರು.

ನದಿ ಕಲ್ಲುಗಳ ನಡುವೆ ಬಿಳಿ ನೊರೆಯಾಗಿ ಧುಮುಕುವ ಜಾಗಕ್ಕೆ ಹೊರಗಿನವರು ರ‍್ಯಾಪಿಡ್ ಅನ್ನುತ್ತಾರೆ, ನಾವು ಇಳಿತ ಅನ್ನುತ್ತೇವೆ. ಇಳಿತಕ್ಕೆ ರಾಫ್ಟು, ಅಂದರೆ ನಮ್ಮ ರಬ್ಬರ್ ದೋಣಿ, ಮೂತಿ ಕೊಟ್ಟೇ ಹೋಗಬೇಕು, ಪಕ್ಕೆ ಕೊಟ್ಟರೆ ಮಗುಚುತ್ತದೆ. ನೀರಿಗೆ ಬಿದ್ದರೆ ಎದ್ದು ನಿಲ್ಲಬಾರದು, ಮೊಣಕಾಲುದ್ದ ನೀರಾದರೂ ಸರಿ. ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಂಡರೆ ನದಿ ಬೆನ್ನ ಮೇಲೆ ಹತ್ತಿ ಕೂತುಬಿಡುತ್ತದೆ. ಅಂಗಾತ ಮಲಗಿ ಕಾಲು ಮುಂದೆ ಮಾಡಿ ತೇಲುತ್ತಾ ಹೋಗಬೇಕು. ಹಗ್ಗ ಎಸೆದರೆ ಹಿಡಿದುಕೊಳ್ಳಬೇಕು, ಕೈಗೆ ಸುತ್ತಿಕೊಳ್ಳಬಾರದು. ಇಷ್ಟನ್ನು ಅವರು ನಗುತ್ತಲೇ ಕೇಳಿದರು.

ಕೊನೆಗೆ ನಾನು ಒಂದು ಕೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ.

"ನೀರಿನ ಸದ್ದಿಗೆ ಮಾತು ಕೇಳಿಸಲ್ಲ. ಬಿದ್ದವರಿಗೆ ದೂರದಿಂದ ನಾವು ಹೀಗೆ ಕೈ ತೋರಿಸ್ತೀವಿ. ಅಂದ್ರೆ, ಸರಿಯಾಗಿದೀಯಾ ಅಂತ. ನೀವು ಸರಿಯಾಗಿದ್ರೆ ತಿರುಗಿ ಹೀಗೇ ಮಾಡ್ಬೇಕು. ಮಾಡ್ಲಿಲ್ಲ ಅಂದ್ರೆ ಬರ‍್ತೀವಿ. ಮಾಡಿದ್ರೆ ಬರಲ್ಲ. ಅರ್ಥ ಆಯ್ತಾ? ಮಾಡಿದ್ರೆ ಬರಲ್ಲ."

ಈ ಸನ್ನೆಯನ್ನು ನಮಗೆ ಕಲಿಸಿದವರು ಅಪ್ಪ. ಅವರೂ ಇದೇ ನದಿಯಲ್ಲಿ ದೋಣಿ ನಡೆಸಿದವರು. ನಮ್ಮ ಮನೆಯಲ್ಲಿ ಅದು ನದಿಯಲ್ಲೇ ನಿಲ್ಲಲಿಲ್ಲ. ಪರೀಕ್ಷೆ ಮುಗಿಸಿ ಬರುವಾಗ ಬೀದಿಯ ತುದಿಯಿಂದಲೇ ಅಮ್ಮ ಕೇಳುತ್ತಿದ್ದದ್ದು ಹಾಗೆ, ನಾವು ಹೇಳುತ್ತಿದ್ದದ್ದೂ ಹಾಗೆ. ನನ್ನ ತಮ್ಮನಿಗಂತೂ ಅದು ಸುಳ್ಳು ಹೇಳುವುದಕ್ಕೆ ಸಿಕ್ಕ ವರ. ಚಿಕ್ಕವನಿದ್ದಾಗ ಷೆಡ್ಡಿನ ತಗಡಿನ ಮೇಲಿಂದ ಬಿದ್ದು, ಮುರಿದ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಇನ್ನೊಂದು ಕೈ ತಲೆಯ ಮೇಲೆ ಇಟ್ಟ. ಅಪ್ಪ ನಕ್ಕು ಕೆಲಸಕ್ಕೆ ಹೋದರು. ಸಂಜೆ ಹೊತ್ತಿಗೆ ತೋಳು ಬಾತು ಕುಂಬಳಕಾಯಿ ಆಗಿತ್ತು. ಯಾಕೋ ಹೇಳಲಿಲ್ಲ ಎಂದು ಅಮ್ಮ ಬಡಿದುಕೊಂಡರೆ, "ಅಪ್ಪಂಗೆ ಹೊತ್ತಾಗ್ತಿತ್ತು" ಎಂದ. ಅಂಥವನು. ಅವನ ಒಳ್ಳೆಯತನ ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಆವತ್ತು ಬೆಳಿಗ್ಗೆ ಷೆಡ್ಡಿನಲ್ಲಿ ಅವನ ಹೆಂಡತಿ ನನ್ನನ್ನು ಜಾಕೆಟ್ಟುಗಳ ಹಿಂದಕ್ಕೆ ಕರೆದಿದ್ದಳು. ಷೆಡ್ಡೆಂದರೆ ಒಂದೇ ಉದ್ದನೆಯ ಕೋಣೆ. ಒಂದು ಗೋಡೆಗೆ ಹೆಲ್ಮೆಟ್ಟುಗಳು, ತಂತಿಯ ಮೇಲೆ ನೀರಿಳಿಯುವ ಜಾಕೆಟ್ಟುಗಳು, ಮೂಲೆಯಲ್ಲಿ ರಬ್ಬರಿಗೆ ತೇಪೆ ಹಾಕುವ ಅಂಟಿನ ಡಬ್ಬಿ. ಆ ಅಂಟಿನ ವಾಸನೆ ನಮ್ಮ ಅನ್ನದಲ್ಲೂ ಇರುತ್ತದೆ, ಯಾಕೆಂದರೆ ನಾವು ಮೂವರೂ ಇರುವುದು ಷೆಡ್ಡಿನ ಮೇಲೆಯೇ.

"ಅಕ್ಕಾ, ಅವರಿಗೆ ಭುಜ ಮತ್ತೆ ನೋಯ್ತಿದೆ. ಅಂಗಿಗೆ ತೋಳು ಹಾಕೋಕೂ ಆಗ್ಲಿಲ್ಲ, ನಾನೇ ಹಾಕ್ದೆ. ನೀವೊಂದು ಮಾತು ಹೇಳಿ. ಇವತ್ತು ಬೇಡ ಅನ್ನಿ."

ಹೋದ ವರ್ಷ ಅವನ ಬಲಭುಜದ ಕೀಲು ತಪ್ಪಿತ್ತು. ಕೂಡಿಸಿದ ಡಾಕ್ಟರು ಇನ್ನು ಮೇಲೆ ಹುಷಾರು ಎಂದು ಹೇಳಿ ಕಳಿಸಿದ್ದರು. ಹುಷಾರು ಅಂದರೆ ಏನು ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಅವನ ಹತ್ತಿರ ಹೋದೆ. ರಾಫ್ಟಿಗೆ ಗಾಳಿ ತುಂಬುತ್ತಿದ್ದ, ಕಾಲಿನಲ್ಲಿ ಪಂಪು ಒತ್ತುತ್ತಾ.

"ಭುಜ ಹೆಂಗಿದೆಯೋ?"

ಎಡಗೈಯನ್ನು ತಲೆಯ ಮೇಲೆ ಇಟ್ಟು ಹಲ್ಲು ಕಿರಿದ.

"ಬಾಯಿ ಬಿದ್ದುಹೋಗಿದೆಯಾ ನಿಂಗೆ?"

"ಚೆನ್ನಾಗಿದೆ ಕಣಕ್ಕ. ಅವಳು ಹೇಳಿದ್ಳು, ನೀನು ಬಂದೆ. ಬೆಳಬೆಳಿಗ್ಗೆ ಇಬ್ಬರೂ ಸೇರಿ ತಲೆ ತಿನ್ಬೇಡಿ."

"ನಾಳೆ ಇಳಿಯೋಣ ಅಂದ್ರೆ ಅವರೇನು ಬೇಡ ಅಂತಾರಾ?"

"ಅವರು ನಾಳೆ ಹೊರಟ್ರು. ಆ ಡಾಕ್ಟರ ಹೆಂಡತಿ ಎಷ್ಟು ಆಸೆಯಿಂದ ಬಂದಿದಾರೆ ಗೊತ್ತಾ? ಸುಮ್ನಿರು ಹೋಗು."

ರಾಫ್ಟಿನ ಹಿಂದೆ ಕೂತು ತಿರುಗಿಸುವುದು ನಾನು. ಅವನು ಕಯಾಕಿನಲ್ಲಿ, ಅಂದರೆ ಒಬ್ಬನೇ ಕೂರುವ ಸಣ್ಣ ದೋಣಿಯಲ್ಲಿ, ನಮಗಿಂತ ಮುಂದೆ ಹೋಗುತ್ತಾನೆ. ದಾರಿ ನೋಡುತ್ತಾನೆ, ಬಿದ್ದವರನ್ನು ಎತ್ತುತ್ತಾನೆ. ಅವನಿಲ್ಲದೆ ನಾನು ಜನರನ್ನು ಇಳಿಸುವುದಿಲ್ಲ. ಅವನ ಹೆಂಡತಿ ವ್ಯಾನು ತೆಗೆದುಕೊಂಡು ಕೆಳಗಿನ ಸೇತುವೆಗೆ ಹೋಗಿ, ಒಣ ಟವೆಲು, ಬಿಸಿ ಚಹಾ ಇಟ್ಟುಕೊಂಡು ಕಾಯುತ್ತಾಳೆ. ನಾವು ತಿರುವಿನಲ್ಲಿ ಕಾಣಿಸಿದ ತಕ್ಷಣ ಸೇತುವೆಯ ಕಂಬಿ ಹಿಡಿದು ನಿಂತು ತಲೆಯ ಮೇಲೆ ಕೈ ಇಡುತ್ತಾಳೆ. ಮೊದಲು ಅವನು ಇಡುತ್ತಾನೆ, ಆಮೇಲೆ ನಾನು. ಆಗ ಅವಳು ಚಹಾದ ಪಾತ್ರೆಯ ಕಡೆ ತಿರುಗುತ್ತಾಳೆ. ಮದುವೆಯಾದ ದಿನದಿಂದ ಇದು ಒಂದು ಸಲವೂ ತಪ್ಪಿರಲಿಲ್ಲ.

ನಮ್ಮ ನದಿಯಲ್ಲಿ ನಾಲ್ಕು ಇಳಿತಗಳು. ಎಲ್ಲಕ್ಕೂ ಹೆಸರಿಟ್ಟವರು ಅಪ್ಪ. ಮೊದಲನೆಯದು ಬಾಯಿಬಡುಕಿ, ಸದ್ದು ಜಾಸ್ತಿ, ಕೈಲಾಗುವುದು ಕಮ್ಮಿ. ಎರಡನೆಯದು ಅತ್ತೆ, ಸಲೀಸಾಗಿ ಬಿಟ್ಟುಕೊಟ್ಟಂತೆ ಮಾಡಿ ಕೊನೆಯಲ್ಲಿ ಒಂದು ಕೊಡುತ್ತಾಳೆ. ಅತ್ತೆಯ ಬಾಲಕ್ಕೇ ಅಂಟಿಕೊಂಡು ಮೂರನೆಯದು, ಮೌನಿ. ಅಲ್ಲಿ ನೊರೆಯೂ ಇಲ್ಲ, ಸದ್ದೂ ಇಲ್ಲ. ನೀರು ನುಣ್ಣಗೆ ಎರಡು ಕವಲಾಗಿ ಒಂದು ಬಂಡೆಯನ್ನು ಬಳಸಿ ಓಡುತ್ತದೆ. ನಮಗೆ ಭಯ ಇದ್ದದ್ದು ಅದೊಂದರದ್ದೇ. ಕೊನೆಯದು ಬಾಗಿಲು, ಅದನ್ನು ದಾಟಿದರೆ ಸೇತುವೆ.

ಬಾಯಿಬಡುಕಿಯಲ್ಲಿ ಎಲ್ಲರೂ ಕಿರುಚಿ ಕುಣಿದರು. ಡಾಕ್ಟರ ಹೆಂಡತಿ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಮುಂದೆ ಕಯಾಕಿನಲ್ಲಿ ತಮ್ಮ ಹಿಂದಿರುಗಿ ನೋಡಿ, ಅವರ ನಗುವನ್ನು ನನಗೆ ಗದ್ದದಲ್ಲೇ ತೋರಿಸಿದ. ನೋಡು, ಇದಕ್ಕೇ ಬಂದದ್ದು ಎಂದು.

ಅತ್ತೆಯ ಕೊನೆಯ ಹೊಡೆತಕ್ಕೆ ಬಾಮೈದ ಬಿದ್ದ. "ಕೂತ್ಕೊಳ್ಳಿ" ಎಂದು ನಾನು ಕೂಗಿದ್ದು ಕೇಳಿಸಿತ್ತು ಅವನಿಗೆ, ನನಗೆ ಗೊತ್ತು. ಎದ್ದು ನಿಂತು, ಒಂದು ಕೈ ಗಾಳಿಯಲ್ಲಿ ಎತ್ತಿ ಗೆಳೆಯರ ಕಡೆ ತಿರುಗಿ ಏನೋ ಹೇಳುತ್ತಿದ್ದ. ಮಾತು ಮುಗಿಯುವುದರೊಳಗೆ ನೀರಲ್ಲಿದ್ದ.

ಅದೇ ಹೊತ್ತಿಗೆ ಮುಂದೆ ನನ್ನ ತಮ್ಮ ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದದ್ದು ಕಂಡಿತು. ಅಪಾಯ, ನಿಲ್ಲು ಎನ್ನುವುದಕ್ಕೆ ಅದು. ಆಮೇಲೆ ಬಲಕ್ಕೆ ತೋರಿಸಿದ. ನಾನು ಕತ್ತೆತ್ತಿ ನೋಡಿದೆ. ಮೌನಿಯ ಎಡಗವಲಿಗೆ ಅಡ್ಡಲಾಗಿ ಒಂದು ಮರ ಬಿದ್ದಿತ್ತು. ನಿನ್ನೆ ಅದು ಇರಲಿಲ್ಲ. ರೆಂಬೆಗಳ ಮೇಲೆ ಎಲೆ ಇನ್ನೂ ಹಸಿರಾಗಿತ್ತು.

ಮರದ ಪಾಠವನ್ನು ನಾವು ಬಂದವರಿಗೆ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ವಾಪಸ್ ವ್ಯಾನು ಹತ್ತುತ್ತಾರೆ. ನೀರು ಮರದ ಕೊಂಬೆಗಳ ನಡುವೆ ಸೋಸಿಕೊಂಡು ಹೋಗುತ್ತದೆ. ಮನುಷ್ಯ ಮಾತ್ರ ಜಾಲರಿಯಲ್ಲಿ ಚಹಾದ ಚರಟ ಉಳಿದ ಹಾಗೆ ಉಳಿದುಬಿಡುತ್ತಾನೆ. ಅಲ್ಲಿ ಅಂಗಾತ ತೇಲಿಕೊಂಡು ಹೋದರೆ ಕಾಲು ಮೊದಲು ಕೆಳಗೆ ಹೋಗುತ್ತದೆ, ಹಿಂದೆಯೇ ಮೈಯೂ. ಬೋರಲಾಗಿ ತಿರುಗಿ, ಮರದ ಕಡೆಗೇ ಈಜಿ, ಎರಡೂ ತೋಳಿನ ಬಲದಿಂದ ದಿಮ್ಮಿಯ ಮೇಲೆ ನೆಗೆಯಬೇಕು. ಎರಡೂ ತೋಳು ಬೇಕು.

ಬಾಮೈದ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಪಾಠ ಒಪ್ಪಿಸುವ ಹುಡುಗನ ಹಾಗೆ ಎಡಗವಲಿಗೆ ಹೋಗುತ್ತಿದ್ದ. ಬೆಳಿಗ್ಗೆ ಕೇಳಲಿಲ್ಲ ಎಂದುಕೊಂಡಿದ್ದೆ. ಒಂದಕ್ಷರ ಬಿಡದೆ ಕೇಳಿದ್ದ.

ನನ್ನ ತಮ್ಮ ಕಯಾಕನ್ನು ತಿರುಗಿಸಿ ಅಡ್ಡ ಬಂದ. ಅದರ ಮೂತಿಯಿಂದ ಬಾಮೈದನ ಪಕ್ಕೆಗೆ ಗುದ್ದಿ, ಒತ್ತಿ, ಬಂಡೆಯ ಬಲಕ್ಕೆ ತಳ್ಳಿದ. ಬಾಮೈದ ಬಲಗವಲಿಗೆ ಹೋದ. ಅಷ್ಟರಲ್ಲಿ ಕಯಾಕು ನೀರಿಗೆ ಪಕ್ಕೆ ಕೊಟ್ಟಿತ್ತು. ಅದನ್ನು ನೇರ ಮಾಡಲು ಬಲಗಡೆ ಜೋರಾಗಿ ಒಂದು ಸಲ ಹುಟ್ಟು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಹಾಕುವುದಕ್ಕೆ ಆಗಲಿಲ್ಲ. ಕಯಾಕು ಹೋಗಿ ಮರಕ್ಕೆ ಬಡಿದು ಮಗುಚಿತು.

ನಾನು "ಬಲಕ್ಕೆ, ಬಲಕ್ಕೆ, ಹಾಕಿ" ಎಂದು ಕೂಗುತ್ತಿದ್ದೆ. ರಾಫ್ಟು ಬಂಡೆಯ ಬಲಕ್ಕೆ ಜಾರುವಾಗ ನಾನು ಎಡಕ್ಕೆ ನೋಡಿದೆ. ನನ್ನ ತಮ್ಮ ಕಯಾಕಿನಿಂದ ಹೊರಗೆ ಬಂದಿದ್ದ. ಎದೆಯವರೆಗೆ ನೀರಿನ ಮೇಲಿದ್ದ, ದಿಮ್ಮಿಗೆ ಒರಗಿಕೊಂಡು. ಕೆಂಪು ಹೆಲ್ಮೆಟ್ಟು, ಅದರ ಕೆಳಗೆ ಅವನ ಮುಖ. ನಾನು ಹುಟ್ಟು ಬಿಟ್ಟು ತಲೆಯ ಮೇಲೆ ಕೈ ಇಟ್ಟೆ.

ಅವನೂ ಇಟ್ಟ.

ಮುಂದೆ ಬಾಮೈದ ಬಾಗಿಲಿನ ಕಡೆಗೆ ತೇಲಿಹೋಗುತ್ತಿದ್ದ. ಅವನ ಮೂಗಿನ ಮೇಲೆ ನೀರು ಬಂದು ಹೋಗುತ್ತಿತ್ತು. ಡಾಕ್ಟರ ಹೆಂಡತಿ ತಮ್ಮನ ಹೆಸರು ಹಿಡಿದು ಕಿರುಚುತ್ತಿದ್ದರು. ನನ್ನ ತಮ್ಮ ಹಿಂದೆ ಇದ್ದ, ಅವರ ತಮ್ಮ ಮುಂದೆ. ಮಾಡಿದರೆ ಬರುವುದಿಲ್ಲ. ಅದು ನಾನೇ ಹೇಳಿಕೊಟ್ಟ ಪಾಠ. ನನಗೆ ಅವನ ಕೈಯನ್ನು ನಂಬಬೇಕಾಗಿತ್ತು, ನಂಬಿದೆ. ಮುಂದಕ್ಕೆ ಹಾಕಿ ಎಂದೆ.

ಬಾಗಿಲಿನ ಮೇಲಿನ ಮಡುವಿನಲ್ಲಿ ಬಾಮೈದ ಕೈಗೆ ಸಿಕ್ಕಿದ. ಜಾಕೆಟ್ಟಿನ ಭುಜಪಟ್ಟಿ ಹಿಡಿದು ಒಳಗೆ ಎಳೆದು ಹಾಕಿದೆ. ಕೆಮ್ಮಿದ, ನೀರು ಕಾರಿದ, ಬದುಕಿದ್ದ. ರಾಫ್ಟನ್ನು ದಂಡೆಗೆ ಕಟ್ಟಿ, ಹಗ್ಗದ ಚೀಲ ಹೆಗಲಿಗೆ ಹಾಕಿಕೊಂಡು ಕಲ್ಲುಗಳ ಮೇಲೆ ಹಿಂದಕ್ಕೆ ಓಡಿದೆ. ಡಾಕ್ಟರೂ ಆ ಇಬ್ಬರು ಗೆಳೆಯರೂ ಹಿಂದೆ ಬಂದರು. ಓಡುತ್ತಾ ನಾನು ಅವನನ್ನು ಬೈಯುತ್ತಿದ್ದೆ. ಈ ಸಲ ಮನೆಗೆ ಬಾ, ಆ ಕಯಾಕನ್ನು ಕೊಯ್ದು ಒಲೆಗೆ ಹಾಕುತ್ತೇನೆ ಎಂದು. ಹೇಳಬೇಕಾದ ಬೈಗುಳಗಳನ್ನೆಲ್ಲ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ.

ಮರ ಕಂಡಿತು. ಕೆಂಪು ಹೆಲ್ಮೆಟ್ಟು ಕಾಣಲಿಲ್ಲ.

ಆಮೇಲೆ ಕಂಡಿತು, ನೀರಿನ ಕೆಳಗೆ. ನೀರು ಅದರ ಮೇಲೆ ನುಣ್ಣಗೆ ಬಾಗಿ ಹೋಗುತ್ತಿತ್ತು. ಸದ್ದೇ ಇರಲಿಲ್ಲ.

ಹಗ್ಗದ ತುದಿಯನ್ನು ನನ್ನ ಜಾಕೆಟ್ಟಿಗೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಡಾಕ್ಟರ ಕೈಗೆ ಕೊಟ್ಟು, "ನಾನು ಬಿದ್ರೂ ಬಿಡ್ಬೇಡಿ" ಎಂದೆ. ಅವರು ಕಲ್ಲಿಗೆ ಕಾಲು ಕೊಟ್ಟು ಕೂತರು, ಗೆಳೆಯರಿಬ್ಬರೂ ಅವರನ್ನು ಹಿಡಿದು ಕೂತರು. ನಾನು ದಿಮ್ಮಿಯ ಮೇಲೆ ತೆವಳಿಕೊಂಡು ಹೋದೆ. ಅವನ ಎಡಗೈ ಒಂದು ರೆಂಬೆಗೆ ಸುತ್ತಿಕೊಂಡಿತ್ತು. ಬಲಗೈ ಪಕ್ಕದಲ್ಲಿ ನೀರು ಆಡಿಸಿದ ಕಡೆಗೆ ಆಡುತ್ತಿತ್ತು, ಸತ್ತ ಹಾವಿನ ಹಾಗೆ. ಆಗ ನನಗೆ ಹೊಳೆಯಿತು. ಅವನು ತಲೆಯ ಮೇಲೆ ಇಟ್ಟದ್ದು ಎಡಗೈ. ಹುಟ್ಟಿದಾಗಿನಿಂದ ಆ ಸನ್ನೆಯನ್ನು ಬಲಗೈಯಲ್ಲಿ ಮಾಡಿದವನು. ಬೆಳಿಗ್ಗೆ ಷೆಡ್ಡಿನಲ್ಲೂ ಎಡಗೈಯೇ. ಭುಜ ಮತ್ತೆ ಕೀಲು ತಪ್ಪಿತ್ತು, ದಿಮ್ಮಿ ಹತ್ತುವುದು ಆಗುತ್ತಿರಲಿಲ್ಲ. ಅದು ಗೊತ್ತಿದ್ದೇ, ಹಿಡಿದಿದ್ದ ರೆಂಬೆಯನ್ನು ಬಿಟ್ಟು, ಆ ಇದ್ದೊಂದು ಕೈಯನ್ನು ಎತ್ತಿ ನನಗೆ ಸುಳ್ಳು ಹೇಳಿದ್ದ.

ನಾನು ಅವನ ಕಡೆ ಬಂದಿದ್ದರೆ ರಾಫ್ಟೂ ಮರಕ್ಕೆ ಬಡಿಯುತ್ತಿತ್ತು. ನಾಲ್ಕು ಜನ ಒಳಗಿದ್ದರು. ಅದು ನನಗೆ ಗೊತ್ತು. ಅವನಿಗೂ ಗೊತ್ತಿತ್ತು. ಗೊತ್ತಿದ್ದರೆ ನನಗೇನು?

ಭುಜಪಟ್ಟಿ ಹಿಡಿದು ಎಳೆದೆ. ಬರಲಿಲ್ಲ. ಕಾಲು ಕೆಳಗೆಲ್ಲೋ ಕೊಂಬೆಯಲ್ಲಿ ಸಿಕ್ಕಿತ್ತು. ನೀರಿಗೆ ಇಳಿದು, ಅವನ ಕಾಲಿನ ಗುಂಟ ಕೈಯಾಡಿಸಿ, ಕೊಂಬೆಯನ್ನು ತುಳಿದೆ. ಮತ್ತೆ ತುಳಿದೆ. ಮುರಿಯಿತು. ಇಬ್ಬರನ್ನೂ ಹಗ್ಗ ದಂಡೆಗೆ ಎಳೆದು ತಂದಿತು.

ಡಾಕ್ಟರು ಅವನನ್ನು ಕಲ್ಲಿನ ಮೇಲೆ ಮಲಗಿಸಿ, ಬಾಯಿಗೆ ಬಾಯಿ ಇಟ್ಟು ಊದಿದರು. ಎದೆ ಒತ್ತತೊಡಗಿದರು. ಹಲ್ಲಿನವರಾದರೂ ಡಾಕ್ಟರೇ ಎಂದು ನಾನು ನನಗೇ ಹೇಳಿಕೊಂಡೆ.

"ಆಂಬುಲೆನ್ಸ್..." ಎಂದರು, ಒತ್ತುತ್ತಲೇ.

ಆ ಕಣಿವೆಯಲ್ಲಿ ಫೋನು ಹಿಡಿಯುವುದಿಲ್ಲ. ಎರಡೂ ಕಡೆ ಬಂಡೆಯ ಗೋಡೆ. ಹೊರಗೆ ಹೋಗಲು ಇರುವ ದಾರಿ ನದಿಯೊಂದೇ, ಆ ದಾರಿಯಲ್ಲಿ ಬಾಗಿಲು ಇತ್ತು. ಅವನನ್ನು ಹೊತ್ತುಕೊಂಡು ರಾಫ್ಟಿಗೆ ತಂದೆವು. ಮಧ್ಯೆ ಮಲಗಿಸಿದೆವು. ಡಾಕ್ಟರು ಮೊಣಕಾಲೂರಿ ಕೂತು ಒತ್ತುವುದನ್ನು ಮುಂದುವರಿಸಿದರು. ಅವರು ಹಾರಿಹೋಗದ ಹಾಗೆ ಹೆಂಡತಿ ಹಿಂದಿನಿಂದ ಸೊಂಟ ಹಿಡಿದುಕೊಂಡರು.

ಬಾಮೈದ ಮುಂದುಗಡೆ ಗಡಗಡ ನಡುಗುತ್ತಿದ್ದ. ಹಿಂದಿರುಗಿ ನನ್ನ ಕಡೆ ನೋಡಿದ.

"ಅಕ್ಕಾ... ನನ್ನಿಂದ..."

"ಬಾಯಿ ಮುಚ್ಕೊಂಡು ಹುಟ್ಟು ಹಾಕು. ಅವನು ನಿನ್ನ ಕಡೆಗೆ ಬಂದಿದ್ದು ನೀನು ಅಳೋದನ್ನ ನೋಡೋಕಲ್ಲ."

ಹಾಕಿದ. ಮೂವರೂ ಹಾಕಿದರು. ಬಾಗಿಲು ಎರಡು ಬಂಡೆಗಳ ನಡುವೆ ಒಂದೇ ನೆಗೆತ, ಕೆಳಗೆ ಗೋಡೆಯಂಥ ಅಲೆ. ಮುಂದೆ ಎಂದೆ, ಮುಂದೆ ಹಾಕಿದರು. ನಿಲ್ಲಿ ಎಂದೆ, ಮೂರು ಹುಟ್ಟೂ ಒಟ್ಟಿಗೆ ಎದ್ದವು. ಬೆಳಿಗ್ಗೆ ನನ್ನ ಪಾಠಕ್ಕೆ ನಕ್ಕವರು ಇವರೇ. ಇಷ್ಟು ವರ್ಷದಲ್ಲಿ ಬಂದ ಯಾರೂ ನನ್ನ ಮಾತನ್ನು ಇಷ್ಟು ಚೆನ್ನಾಗಿ ಕೇಳಿರಲಿಲ್ಲ. ಅಲೆ ನಮ್ಮೆಲ್ಲರ ಮೇಲೂ ಬಿತ್ತು. ನೀರು ಇಳಿದಾಗ ಡಾಕ್ಟರು ಇನ್ನೂ ಒತ್ತುತ್ತಿದ್ದರು. ತಮ್ಮನ ಮುಖದ ಮೇಲೆ ನೊರೆ ಇತ್ತು, ಅವನು ಅದನ್ನು ಒರೆಸಿಕೊಳ್ಳಲಿಲ್ಲ.

"ಏನಾದ್ರೂ...?" ಎಂದೆ.

ಡಾಕ್ಟರು ಅವನ ಕತ್ತಿನ ಬಳಿ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಮ್ಮಾ..." ಎಂದರು.

"ನಿಲ್ಲಿಸ್ಬೇಡಿ."

"ಅಮ್ಮಾ, ತುಂಬ ಹೊತ್ತಾಗಿದೆ. ಕಣ್ಣು ನೋಡಿ..."

"ನಿಲ್ಲಿಸ್ಬೇಡಿ ಅಂದೆ. ನಿಮ್ಮ ಬಾಮೈದನ್ನ ನಾನು ಬಿಟ್ನಾ? ಬಿಟ್ನಾ ಹೇಳಿ?"

ಅವರು ಮತ್ತೆ ಒತ್ತತೊಡಗಿದರು. ಅವರ ಗಲ್ಲದಿಂದ ನೀರು ತಮ್ಮನ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ನದಿಯದಾಗಿರಲಿಲ್ಲ. ಆಗ ನನಗೆ ಅರ್ಥವಾಯಿತು. ಅವರು ಒತ್ತುತ್ತಿದ್ದದ್ದು ನನಗೋಸ್ಕರ.

ಬಾಗಿಲಿನ ಕೆಳಗೆ ನದಿ ಅಗಲವಾಗುತ್ತದೆ, ಕೆರೆಯ ಹಾಗೆ ನಿಂತೇಬಿಡುತ್ತದೆ. ಬಿಸಿಲು ಬಿದ್ದಿತ್ತು. ತಿರುವು ದಾಟಿದೆವು, ಸೇತುವೆ ಕಂಡಿತು.

ಅವಳು ಕಂಬಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ವ್ಯಾನು, ಅದರ ಬಾಗಿಲ ಮೇಲೆ ಹರವಿದ ಟವೆಲುಗಳು. ಬಲಗೈ ಎತ್ತಿ ತಲೆಯ ಮೇಲೆ ಇಟ್ಟಳು. ರಾಫ್ಟಿನ ಮುಂದೆ ನೀರು ಖಾಲಿ ಇತ್ತು. ಅವಳು ಕಯಾಕನ್ನು ಹುಡುಕುತ್ತಿದ್ದಾಳೆಂದು ಅಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು. ಕತ್ತು ಆ ಕಡೆ ಹೋಯಿತು, ಈ ಕಡೆ ಬಂತು. ಕೈ ಮಾತ್ರ ತಲೆಯ ಮೇಲೇ ಇತ್ತು. ಆಮೇಲೆ ಅವಳ ನೋಟ ನನ್ನ ಕಡೆ ನಿಂತಿತು, ನೀವಾದರೂ ಹೇಳಿ ಎನ್ನುವಂತೆ.

ನನ್ನ ಎರಡೂ ಕೈ ಖಾಲಿ ಇದ್ದವು. ಹುಟ್ಟು ತೊಡೆಯ ಮೇಲಿತ್ತು. ಒಂದು ಕೈ ಎತ್ತಿದರೆ, ದಡ ಮುಟ್ಟುವ ತನಕ ಅವಳಿಗೆ ಗಂಡ ಇರುತ್ತಿದ್ದ. ಚಹಾದ ಪಾತ್ರೆಯ ಕಡೆ ತಿರುಗುತ್ತಿದ್ದಳು, ಅವನ ಲೋಟಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಿದ್ದಳು. ಅವನಾಗಿದ್ದರೆ ಎತ್ತುತ್ತಿದ್ದ. ಖಂಡಿತ ಎತ್ತುತ್ತಿದ್ದ, ನಗುತ್ತಾ.

ಕೈ ಎದೆಯ ತನಕ ಬಂತು. ಅಲ್ಲಿಂದ ಮೇಲೆ ಏಳಲಿಲ್ಲ. ಇಳಿಸಿ ಅವನ ಹೆಲ್ಮೆಟ್ಟಿನ ಮೇಲೆ ಇಟ್ಟೆ.

ರಾಫ್ಟು ತನ್ನ ಪಾಡಿಗೆ ಸೇತುವೆಯ ಕಡೆಗೆ ಹೋಗುತ್ತಿತ್ತು. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಕಾದಳು. ಆಮೇಲೆ ಅವಳ ಇನ್ನೊಂದು ಕೈ ಕಂಬಿಯನ್ನು ಬಿಟ್ಟು, ನಿಧಾನವಾಗಿ ಎದ್ದು, ಅದೂ ತಲೆಯ ಮೇಲೆ ಬಂತು.